ಅಪ್‌ಡೇಟ್: ಹೊಳೆ ದಂಡೆಯ ಆ ಮನೆ ಸಿಕ್ಕಿತು

ಚಿಕ್ಕಂದಿನಲ್ಲಿ ಬೆಂಗಳೂರಿಂದ ಮೈಸೂರಿಗೆ ಕಾರಲ್ಲಿ ಹೋಗುವಾಗ ನೋಡಿದ್ದ, ಬೀಗ ಹಾಕಿದ ಹಳೇ ಬಂಗಲೆ ಯಾವುದು ಅಂತ ಕೇಳಿದ್ದೆನಲ್ಲ, ಅದು ಶ್ರೀರಂಗಪಟ್ಟಣದ ಸ್ಕಾಟ್ ಬಂಗಲೆ! ನಾನು ಇಷ್ಟು ದಿನ ರಾಮನಗರದ ಸುತ್ತಮುತ್ತ ಹುಡುಕುತ್ತಿದ್ದೆ.

ಮೊನ್ನೆ ಭಾನುವಾರ ಅಮ್ಮನನ್ನೂ ಕರಕೊಂಡು ಹೋದೆ. ಕಾವೇರಿ ಕಂಡಿದ್ದೇ ತಡ, "ಇಲ್ಲೇ ಕಣೋ, ನಿಮ್ಮಪ್ಪ ಚಿತ್ರಾನ್ನದ ಡಬ್ಬಿ ಬಿಚ್ಚಿದ್ದು" ಅಂದರು. ಮುಚ್ಚಳ ಗಟ್ಟಿಯಾಗಿ ಕೂತಿದ್ದ ಆ ಸ್ಟೀಲ್ ಡಬ್ಬಿ ನನಗೂ ಕಣ್ಣಿಗೆ ಕಟ್ಟಿತು.

ಅಪ್ಪ ಹೇಳಿದ್ದ ಕತೆಯೂ ಈ ಮನೆಯದ್ದೇ. 1799ರಲ್ಲಿ ಟಿಪ್ಪು ಮಡಿದ ಮೇಲೆ ಇಲ್ಲಿದ್ದ ಕರ್ನಲ್ ಸ್ಕಾಟ್, ಒಂದು ದಿನ ಮನೆಗೆ ಬಂದರೆ ಹೆಂಡತಿ ಮಕ್ಕಳು ಕಾಲರಾಕ್ಕೆ ಬಲಿಯಾಗಿದ್ದರಂತೆ. ಎಲ್ಲ ಇದ್ದಹಾಗೇ ಬಿಟ್ಟು ಹೊರಟುಹೋದನಂತೆ. ಜನ ಹೇಳುವ ಕತೆಯೇ ಇರಬಹುದು, ಆದರೂ ಅಲ್ಲಿ ನಿಂತಾಗ ಹೊಟ್ಟೆಯಲ್ಲಿ ಸಂಕಟವಾಯಿತು.

ಸುಳಿವು ಕೊಟ್ಟವರಿಗೆಲ್ಲ ಅಮ್ಮನ ಪರವಾಗಿಯೂ ನಮಸ್ಕಾರ.