ಕೆ9 ವಜ್ರ ಕಿಟ್‌ಗೆ ಕಾಯಬೇಕಾ, ಕೊರಿಯಾದ ಕೆ9 ತಗೊಂಡು ಶುರು ಮಾಡಬೇಕಾ?

ಉಪ್ಪುಕಾಗದ_ಹುಬ್ಬಳ್ಳಿ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸಣ್ಣದು, ಪೀಠಿಕೆ ಸ್ವಲ್ಪ ಉದ್ದ. ತಾಳ್ಮೆ ಇರಲಿ.

ನನಗೆ 1/35 ಅಳತೆಯ ಪ್ಲಾಸ್ಟಿಕ್ ಮಾದರಿ ಕಿಟ್‌ನಲ್ಲಿ (ಬಿಡಿ ಭಾಗ ಅಂಟಿಸಿ ಕಟ್ಟುವಂಥದ್ದು) ನಮ್ಮ ಸೇನೆಯ ಕೆ9 ವಜ್ರ ಬೇಕು. ಟ್ಯಾಂಕಿನ ಹಾಗೆ ಚೈನ್ ಮೇಲೆ ಓಡುವ 155 ಮಿ.ಮೀ. ತೋಪು, ಕೊರಿಯಾದ ಕೆ9ನ ನಮ್ಮ ರೂಪ. 2017ರಲ್ಲಿ ನೂರು ತೋಪಿಗೆ ಆರ್ಡರ್ ಆಯಿತು. ಎಲ್ ಅಂಡ್ ಟಿಯವರು ಗುಜರಾತಿನ ಹಜೀರಾದಲ್ಲಿ ತಯಾರಿಸಿ, 2021ರ ಫೆಬ್ರುವರಿಯಲ್ಲಿ ನೂರನೆಯದನ್ನೂ ಕಳಿಸಿಕೊಟ್ಟರು. 2024ರ ಡಿಸೆಂಬರ್‌ನಲ್ಲಿ ಮತ್ತೆ ಏಳು ಸಾವಿರ ಕೋಟಿ ದಾಟಿದ ಒಪ್ಪಂದ. ಇಷ್ಟೆಲ್ಲ ಆದಮೇಲೆ ಡಬ್ಬಿಯ ಮೇಲೆ 'ವಜ್ರ' ಅಂತ ಬರೆದ ಕಿಟ್ ಒಂದನ್ನು ಯಾರಾದರೂ ತರಲೇಬೇಕು ಅಲ್ವಾ? ಯಾವ ಕಂಪನಿ ಹೊಸ ಕಿಟ್‌ಗಳ ಪಟ್ಟಿ ಬಿಟ್ಟರೂ ನನ್ನ ಕಣ್ಣು ಮೊದಲು ಅದನ್ನೇ ಹುಡುಕುತ್ತದೆ.

ಕೊರಿಯಾದ ಅಕಾಡೆಮಿ ಅನ್ನುವ ಕಿಟ್ ಕಂಪನಿ ತನ್ನ ದೇಶದ ಕೆ9ನ ಕಿಟ್ ಮಾಡಿದೆ. ಆಮೇಲೆ ಫಿನ್‌ಲ್ಯಾಂಡಿನವರ ಕೆ9 ಆದ ಮೌಕಾರಿಗೆ ಬೇರೆ ಡಬ್ಬಿಯನ್ನೇ ಮಾಡಿತು. ಫಿನ್‌ಲ್ಯಾಂಡ್ ಕೂಡ 2017ರಲ್ಲೇ ಒಪ್ಪಂದ ಮಾಡಿಕೊಂಡದ್ದು, ಅದೂ ಬಳಸಿದ 48 ತೋಪಿಗೆ. ಅವರಿಗೆ ಕಿಟ್ ಸಿಕ್ಕಿತು. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ.

ಇದಕ್ಕೆಲ್ಲ ಮೂಲ ನಮ್ಮ ಮಾವ. ಆರ್ಟಿಲರಿಯಲ್ಲಿದ್ದು ನಿವೃತ್ತರಾದವರು, ಬೋಫೋರ್ಸ್ ಕಾಲದವರು. ನನ್ನ ಶೋಕೇಸ್ ನೋಡಿ, "ಬರೀ ಟ್ಯಾಂಕೇ ಇಟ್ಟಿದ್ದೀಯಲ್ಲೋ, ತೋಪು ಎಲ್ಲಿ?" ಅಂದರು. ಕೆ9 ವಿಡಿಯೊ ತೋರಿಸಿದೆ. 15 ಸೆಕೆಂಡಿಗೆ ಮೂರು ಗುಂಡು ಹೊಡೆಯುವುದನ್ನು ನೋಡಿ ಅವರಿಗೆ ಏನೂ ಅನ್ನಿಸಲಿಲ್ಲ. ಅವರು ಕೇಳಿದ್ದು ಒಂದೇ: "ಇದಕ್ಕೆ ನೆಲ ಅಗೆಯೋದು ಬೇಡವಾ?" ಬೇಡ, ಹಿಂದೆ ನೆಲಕ್ಕೆ ಊರುವ ಸ್ಪೇಡೇ ಇಲ್ಲ, ಹೊಡೆತವನ್ನೆಲ್ಲ ಸಸ್ಪೆನ್ಷನ್ನೇ ತಡೆಯುತ್ತದೆ ಅಂದೆ. ಬಹಳ ಹೊತ್ತು ಸುಮ್ನೆ ಕೂತರು. ಆಮೇಲೆ, "ಇದನ್ನು ಮಾಡು" ಅಂದರು.

ಈಗ ಹೇಳಿ. ಕಾಯಲಾ, ಕೊರಿಯಾದ ಡಬ್ಬಿ ತರಿಸಿ ನಾನೇ ವಜ್ರ ಮಾಡಲಾ?

ಸ್ಪ್ರೂ_ಸಿದ್ದ:

ತರಿಸಿಬಿಡಿ ಸರ್. ಕಂಪನಿಯವರು ಮಾರಾಟದ ಲೆಕ್ಕ ನೋಡುತ್ತಾರೆ, ನಮ್ಮ ಆಸೆಯನ್ನಲ್ಲ. ನಮ್ಮಲ್ಲಿ ಸುಂಕ ಎಷ್ಟಿದೆ ಗೊತ್ತಲ್ಲ. ನಮ್ಮ ಕಿಟ್‌ಗಳೂ ಆಟಿಕೆ ಲೆಕ್ಕಕ್ಕೇ ಬರುತ್ತವೆ. 2020ರ ಬಜೆಟ್‌ನಲ್ಲಿ ಆಟಿಕೆ ಸುಂಕ ಶೇ. 20ರಿಂದ 60ಕ್ಕೆ ಹಾರಿತು, 2023ರಲ್ಲಿ 70 ಆಯಿತು. ಈ ಬೆಲೆಗೆ ಇಲ್ಲಿ ಎಷ್ಟು ಜನ ಕೊಳ್ಳುತ್ತಾರೆ? ನಾನೇ ಕಂಪನಿ ನಡೆಸುತ್ತಿದ್ದರೂ ಮೊದಲು ಕೆ9 ಕೊಂಡಿರುವ ಪೋಲೆಂಡಿನ ಡಬ್ಬಿ ಮಾಡುತ್ತಿದ್ದೆ.

ವಜ್ರದ ಒಳಗೆ ಫೈರ್ ಕಂಟ್ರೋಲ್ (ಗುರಿಯ ಲೆಕ್ಕ ಹಾಕುವುದು) ಸೇರಿ ಸುಮಾರು ವ್ಯವಸ್ಥೆಗಳು ಇಲ್ಲಿಯವು. ಆದರೆ ಹಲ್ (ಗಾಡಿಯ ಒಡಲು), ಟರೆಟ್ (ಮೇಲೆ ತಿರುಗುವ ಗೋಪುರ), 52 ಕ್ಯಾಲಿಬರ್ ಅಂದರೆ ಬಾಯಗಲದ 52 ಪಟ್ಟು ಉದ್ದದ ಬ್ಯಾರೆಲ್ ಎಲ್ಲ ಅದೇ ಕೊರಿಯಾ ವಿನ್ಯಾಸ. ಗಮನ ಕೊಡಬೇಕಾದ್ದು ಟರೆಟ್‌ನ ಮೇಲ್ಭಾಗಕ್ಕೆ. ಅದಕ್ಕೊಂದು ಉಪಾಯ ಹೇಳುತ್ತೇನೆ. 2019ರ ಜನವರಿಯಲ್ಲಿ ಪ್ರಧಾನಿ ಹಜೀರಾದಲ್ಲಿ ಇದನ್ನು ಹತ್ತಿದ್ದರು. 2020ರ ಜನವರಿಯಲ್ಲಿ ರಕ್ಷಣಾ ಸಚಿವರು 51ನೆಯದಕ್ಕೆ ಚಾಲನೆ ಕೊಟ್ಟರು. ದೊಡ್ಡವರು ಹತ್ತಿದರೆ ಕ್ಯಾಮೆರಾದವರೂ ಎತ್ತರಕ್ಕೆ ಹತ್ತುತ್ತಾರೆ! ಹ್ಯಾಚ್ (ಮೇಲಿನ ಮುಚ್ಚಳ), ಗುರಿ ನೋಡುವ ಸೈಟು, ಆಂಟೆನಾ ಬುಡ ನೋಡಲು ಆ ಫೋಟೊಗಳನ್ನೇ ಹುಡುಕಿ. ಪರೇಡ್ ಫೋಟೊಗಳು ಜಾಸ್ತಿ ಪಕ್ಕದಿಂದ ತೆಗೆದವು, ಚಕ್ರಕ್ಕೆ ಮಾತ್ರ ಉಪಯೋಗ.

ಅರ್ಧ_ಬಣ್ಣ:

ಸಿದ್ದಣ್ಣ ಹೇಳಿದ್ದು ಸರಿ. ನಾನು ಕೈಕೆಲಸದ ಮಾತು ಸೇರಿಸುತ್ತೇನೆ.

ಮೊದಲು ಜಾಗ ಅಳೆದುಕೊಳ್ಳಿ. ಬ್ಯಾರೆಲ್ ಒಂದೇ ಎಂಟು ಮೀಟರ್, 1/35ರಲ್ಲಿ 23 ಸೆಂ.ಮೀ. ಮುಂದಕ್ಕೆ ಚಾಚಿದರೆ ಇಡೀ ಗಾಡಿ 34 ಸೆಂ.ಮೀ. ಆಗುತ್ತದೆ. ಮಾಮೂಲಿ ಶೋಕೇಸ್‌ನಲ್ಲಿ ಅಡ್ಡಲಾಗಿ ಇಡಬೇಕು, ಇಲ್ಲ ಅಂದರೆ ಗಾಜಿಗೆ ತಾಗುತ್ತದೆ.

ಬ್ಯಾರೆಲ್ ಎರಡು ಹೋಳಾಗಿ ಬಂದರೆ ಅಲ್ಲೇ ಇದೆ ನಿಜವಾದ ಪರೀಕ್ಷೆ. ಅಂಟಿಸಿ ಎರಡು ದಿನ ಬಿಡಿ. ಆಮೇಲೆ ಉಪ್ಪುಕಾಗದವನ್ನು ಸಣ್ಣ ಪಟ್ಟಿ ಮಾಡಿ, ಬೂಟಿಗೆ ಪಾಲಿಶ್ ಹೊಡೆದ ಹಾಗೆ ಅಡ್ಡಡ್ಡ ಎಳೆಯಿರಿ. ಉದ್ದಕ್ಕೆ ಉಜ್ಜಿದರೆ ಸೀಮ್ (ಅಂಟಿಸಿದ ಗೆರೆ) ಹೋಗುತ್ತದೆ, ಜೊತೆಗೆ ದುಂಡಗಿನ ಆಕಾರವೂ ಹೋಗುತ್ತದೆ. ತೆಳುವಾಗಿ ಬೂದು ಪ್ರೈಮರ್ ಹೊಡೆದು ದೀಪದ ಕೆಳಗೆ ತಿರುಗಿಸಿ ನೋಡಿ. ಗೆರೆ ಇನ್ನೂ ಕಂಡರೆ ಮತ್ತೊಂದು ಸುತ್ತು. ಲೋಹದ ಬ್ಯಾರೆಲ್ ಬೇರೆ ಸಿಗುತ್ತದಲ್ಲ ಅನ್ನಬಹುದು. ಸಿಗುತ್ತದೆ, ಆದರೆ ಆ ದುಡ್ಡಿಗೆ ಇನ್ನೊಂದು ಸಣ್ಣ ಕಿಟ್ ಬರುತ್ತದೆ.

ಚಕ್ರ ಒಂದು ಕಡೆಗೆ ಆರು ಜೋಡಿ, ಒಟ್ಟು 24. ಎಲ್ಲಕ್ಕೂ ರಬ್ಬರ್ ಅಂಚು. ಬ್ರಷ್ ಹಿಡಿದು ಒಂದೊಂದಕ್ಕೇ ಅಂಚು ಬಳಿಯಲು ಹೋಗಬೇಡಿ, ಕೈ ನಡುಗುತ್ತದೆ. ಸ್ಟೇಷನರಿ ಅಂಗಡಿಯಲ್ಲಿ ಡ್ರಾಯಿಂಗ್ ಹುಡುಗರು ಬಳಸುವ ಸರ್ಕಲ್ ಟೆಂಪ್ಲೇಟ್ ಸಿಗುತ್ತದೆ. ಮೊದಲು ಇಡೀ ಚಕ್ರಕ್ಕೆ ಕಪ್ಪು. ಆಮೇಲೆ ಸರಿಯಾದ ತೂತು ಇಟ್ಟು ನಡುವೆ ಮಾತ್ರ ಗಾಡಿಯ ಬಣ್ಣ ಸ್ಪ್ರೇ ಮಾಡಿ. ಒಂದು ಸಂಜೆಯಲ್ಲಿ ಮುಗಿಯುತ್ತದೆ.

ಬಣ್ಣ ಮಾತ್ರ ಇಲ್ಲೇ ಕೊಳ್ಳಿ. ಲ್ಯಾಕರ್, ತಿನ್ನರ್ ಬೆಂಕಿ ಹತ್ತುವ ವಸ್ತು ಅಂತ ವಿಮಾನದ ಪಾರ್ಸೆಲ್‌ನಲ್ಲಿ ತಡೆಯುತ್ತಾರೆ. ನನ್ನದೊಂದು ಪಾರ್ಸೆಲ್ ಬಂತು, ಕಿಟ್ ಇತ್ತು, ಬಣ್ಣದ ಬಾಟಲಿ ಇದ್ದ ಜಾಗ ಖಾಲಿ! ಕೊರಿಯರ್‌ನವರಿಗೆ ಫೋನ್ ಮಾಡಿದರೆ, "ಅದು ನಮಗೆ ಬಂದೇ ಇಲ್ಲ ಸರ್."

ಕಾದು_ನೋಡೋಣ:

ನಾನೊಬ್ಬ ಬೇರೆ ರಾಗ ಹಾಡುತ್ತೇನೆ, ಬೈಯಬೇಡಿ. ನಾನು ಕಾಯುತ್ತೇನೆ. ಎರಡನೇ ಒಪ್ಪಂದದ ತೋಪುಗಳು ಹೊರಗೆ ಬಂದರೆ ಹೊಸ ಫೋಟೊ ಬರುತ್ತವೆ, ಸುದ್ದಿ ಆಗುತ್ತದೆ. ಕಂಪನಿಗಳು ಕಿವಿ ನಿಮಿರಿಸುವುದು ಆಗಲೇ. ಇವತ್ತು ಕಷ್ಟಪಟ್ಟು ಸೈಟ್ ಕೆತ್ತಿ ಮುಗಿಸಿದ ಮರುದಿನವೇ ಹೊಸ ಡಬ್ಬಿ ಪ್ರಕಟವಾಗುತ್ತದೆ, ನೋಡುತ್ತಿರಿ. ಈ ಹವ್ಯಾಸದ ಶಾಪವೇ ಅದು.

ಸ್ಪ್ರೂ_ಸಿದ್ದ:

ಹಾಗಾದರೆ ಹುಬ್ಬಳ್ಳಿಯವರು ಬೇಗ ಕಟ್ಟಲಿ, ನಿಮ್ಮ ಡಬ್ಬಿ ಬೇಗ ಬರುತ್ತದೆ. 😄

ಉಪ್ಪುಕಾಗದ_ಹುಬ್ಬಳ್ಳಿ:

ಎಲ್ಲರಿಗೂ ಥ್ಯಾಂಕ್ಸ್. ಕಾಯುವುದಿಲ್ಲ, ಕೊರಿಯಾದ್ದನ್ನೇ ಆರ್ಡರ್ ಮಾಡುತ್ತೇನೆ. ಮಾವನಿಗೆ ಈಗ ಎಪ್ಪತ್ತು ದಾಟಿದೆ, ಕಂಪನಿಗಳ ಪಟ್ಟಿ ನೋಡುತ್ತಾ ಕೂರಲು ಅವರಿಗೆ ಇಷ್ಟವಿಲ್ಲ.

ಎರಡು ಅನುಮಾನ ಉಳಿದಿವೆ. ಒಂದು, ನಂಬರ್ ಪ್ಲೇಟ್. ನಮ್ಮ ಸೇನೆಯ ಗಾಡಿಗಳಲ್ಲಿ ಮೊದಲು ಮೇಲ್ಮುಖದ ಬಾಣ, ಆಮೇಲೆ ವರ್ಷದ ಎರಡಂಕಿ ಬರುತ್ತದೆ. ಮನೆಯ ಇಂಕ್‌ಜೆಟ್‌ನಲ್ಲಿ ಬಿಳಿ ಬಣ್ಣ ಬರುವುದಿಲ್ಲವಲ್ಲ, ಏನು ಮಾಡಲಿ? ಇನ್ನೊಂದು, ಧೂಳು. ಈ ತೋಪು ರಾಜಸ್ಥಾನದಲ್ಲೂ ಇದೆ, 2021ರಲ್ಲಿ ಲಡಾಖ್‌ಗೂ ಹೋಗಿದೆ. ನನಗೆ ಲಡಾಖಿನ ಬೂದು ಧೂಳು ಇಷ್ಟ. ಮಾವ ಮರಳೇ ಬೇಕು ಅನ್ನುತ್ತಾರೆ. ಬ್ಯಾರೆಲ್ ಎತ್ತಿಯೇ ಇರಬೇಕಂತೆ, "ಮಲಗಿಸಿದ ತೋಪು ನೋಡಲು ಏನು ಚೆಂದ?" ಅಂತ.

ಅರ್ಧ_ಬಣ್ಣ:

ಬಿಳಿ ತಳದ ಡಿಕಾಲ್ ಪೇಪರ್ (ನೀರಲ್ಲಿ ನೆನೆಸಿ ಅಂಟಿಸುವ ಚಿತ್ರದ ಹಾಳೆ) ಸಿಗುತ್ತದೆ. ಪ್ಲೇಟಿನ ಕಪ್ಪು ಹಿನ್ನೆಲೆಯನ್ನು ಪ್ರಿಂಟ್ ಮಾಡಿ, ಅಕ್ಷರದ ಜಾಗ ಖಾಲಿ ಬಿಡಿ. ಪೇಪರಿನ ಬಿಳಿಯೇ ಅಕ್ಷರವಾಗಿ ಕಾಣುತ್ತದೆ. ನೀರಿಗೆ ಹಾಕುವ ಮೊದಲು ಎರಡು ಕೋಟ್ ಬಣ್ಣವಿಲ್ಲದ ಕ್ಲಿಯರ್ ಹೊಡೆಯಿರಿ, ಇಲ್ಲದಿದ್ದರೆ ಇಂಕ್ ಹರಡುತ್ತದೆ. ಅಂಚಿನಲ್ಲಿ ಬಿಳಿ ಗೆರೆ ಕಂಡರೆ ಕಪ್ಪು ಮಾರ್ಕರ್ ತುದಿ ತಾಗಿಸಿ.

ಧೂಳಿನ ವಿಷಯದಲ್ಲಿ ಮಾವನ ಜೊತೆ ಜಗಳ ಬೇಡ, ಮರಳೇ ಇರಲಿ. ಬ್ಯಾರೆಲ್ ಎತ್ತಿ ನಿಲ್ಲಿಸುವುದಾದರೆ ಮುಂದಿನ ಟ್ರಾವೆಲ್ ಲಾಕ್ (ಓಡುವಾಗ ಬ್ಯಾರೆಲ್ ಹಿಡಿದಿಡುವ ಕೊಂಡಿ) ಮಡಚಿ ಅಂಟಿಸಿ. ಅದು ನಿಂತೇ ಇದ್ದರೆ ಅವರು ಮೊದಲು ಹಿಡಿಯುವ ತಪ್ಪು ಅದೇ.