ಎಕ್ಸೋಸ್ಕೆಲಿಟನ್ ಹಾಕಿದ ಮೇಲೆ ಸೊಂಟ ಹಗುರ, ಆದರೆ ಮಂಡಿ ನೋವು ಶುರು. ಏನು ಮಾಡಲಿ?

ಮಂಜು_ಲೋಡಿಂಗ್:
ನಮಸ್ಕಾರ. ನೆಲಮಂಗಲದ ಹತ್ತಿರ ಒಂದು ಗೋಡೌನ್‌ನಲ್ಲಿ ಕೆಲಸ. ಲಾರಿಯಿಂದ ಬಾಕ್ಸ್ ಇಳಿಸಿ ಪ್ಯಾಲೆಟ್ ಮೇಲೆ ಜೋಡಿಸುತ್ತೇವೆ. ಒಂದೊಂದು 12ರಿಂದ 15 ಕೆಜಿ. ಮೂರು ವಾರದಿಂದ ನಮ್ಮ ಶಿಫ್ಟ್‌ನ ನಾಲ್ಕು ಜನಕ್ಕೆ ಬೆನ್ನಿನ ಎಕ್ಸೋಸ್ಕೆಲಿಟನ್ (ಬಗ್ಗಿ ಭಾರ ಎತ್ತುವಾಗ ಬೆನ್ನಿಗೆ ನೆರವಾಗಲು ಮೈಮೇಲೆ ತೊಡುವ ಚೌಕಟ್ಟು) ಕೊಟ್ಟಿದ್ದಾರೆ. ಮೋಟರ್ ಇಲ್ಲ, ಬ್ಯಾಟರಿ ಇಲ್ಲ, ಸ್ಪ್ರಿಂಗ್ ಅಷ್ಟೇ. ಎದೆಗೆ ಒಂದು ಪ್ಯಾಡ್, ತೊಡೆಗೆ ಎರಡು, ಸೊಂಟಕ್ಕೆ ಬೆಲ್ಟ್.

ಸಂಜೆ ಸೊಂಟ ಮೊದಲಿನ ಹಾಗೆ ಹಿಡಿದುಕೊಳ್ಳುವುದಿಲ್ಲ, ಅದು ನಿಜ. ಆದರೆ ಮಂಡಿಯ ಹಿಂದೆ ನೋವು. ತೊಡೆ ಮೇಲೆ ಪ್ಯಾಡಿನ ಅಚ್ಚು ಬೀಳುತ್ತದೆ. ಬಾಕ್ಸ್ ಎಣಿಸುತ್ತಾ ಇಳಿಸುವಾಗ ಲೆಕ್ಕವೂ ತಪ್ಪುತ್ತಿದೆ, ಮೊದಲು ಹೀಗಿರಲಿಲ್ಲ. ಬಿಟ್ಟುಬಿಡಲಾ?

ರವಿ_ಮೇಂಟೆನೆನ್ಸ್:
ಬೆಲ್ಟ್ ಇನ್ನೂ ಬಿಗಿ ಮಾಡಿ, ಸ್ಪ್ರಿಂಗ್ ಫುಲ್ ಇಡಿ. ಸಡಿಲ ಇದ್ದರೆ ಹೀಗೇ ಆಗೋದು.

ಸವಿತಾ_ಫಿಸಿಯೋ:
ರವಿ ಅವರೇ, ದಯವಿಟ್ಟು ಸ್ಪ್ರಿಂಗ್ ಫುಲ್ ಬೇಡ. ಮಂಜು, ಬಗ್ಗಿದಾಗ ನಿಮ್ಮ ಮಂಡಿ ಸ್ವಲ್ಪ ಮಡಚಿರುತ್ತದಾ, ಪೂರ್ತಿ ನೆಟ್ಟಗಿರುತ್ತದಾ? ತೊಡೆಯ ಅಚ್ಚು ಎಷ್ಟು ಹೊತ್ತಿಗೆ ಹೋಗುತ್ತದೆ? ಕಾಲು ಜೋಮು ಹಿಡಿಯುತ್ತದಾ?

ಮಂಜು_ಲೋಡಿಂಗ್:
ಜೊತೆಯವನ ಕೈಲಿ ವಿಡಿಯೋ ಮಾಡಿಸಿ ನೋಡಿದೆ ಮೇಡಂ. ಮಂಡಿ ನೆಟ್ಟಗಷ್ಟೇ ಅಲ್ಲ, ಒಂಚೂರು ಹಿಂದಕ್ಕೇ ಬಾಗಿದೆ. ಅಚ್ಚು ರಾತ್ರಿ ಊಟದ ಹೊತ್ತಿಗೂ ಇರುತ್ತದೆ. ಜೋಮು ಇಲ್ಲ.

ಸವಿತಾ_ಫಿಸಿಯೋ:
ಹಾಗಾದರೆ ಸರಿಪಡಿಸಬಹುದು.

ಬಾಕ್ಸ್ ನಿಮ್ಮ ಬೆನ್ನುಮೂಳೆಯಿಂದ 50 ಸೆಂ.ಮೀ. ಮುಂದಿದೆ ಅಂದುಕೊಳ್ಳಿ. ಅದನ್ನು ಹಿಡಿಯಬೇಕಾದ ಬೆನ್ನಿನ ಸ್ನಾಯು ಮೂಳೆಯಿಂದ ಸುಮಾರು 5 ಸೆಂ.ಮೀ. ಹಿಂದಿದೆ. ಏತದ ಲೆಕ್ಕವೇ ಇದು. 15 ಕೆಜಿ ಬಾಕ್ಸಿಗೆ ಸ್ನಾಯು 150 ಕೆಜಿಯಷ್ಟು ಎಳೆಯಬೇಕು, ನಿಮ್ಮ ಮೈಭಾರ ಬೇರೆ. ಸ್ಪ್ರಿಂಗ್ ಇದರಲ್ಲಿ ಒಂದು ಪಾಲು ಹೊರುತ್ತದೆ. ಆದರೆ ಅದಕ್ಕೆ ಊರಿಕೊಳ್ಳಲು ಜಾಗ ಬೇಕಲ್ವಾ? ಎದೆಯನ್ನು ಹಿಂದಕ್ಕೆ ಒತ್ತುತ್ತದೆ, ತೊಡೆಯನ್ನೂ ಹಿಂದಕ್ಕೆ ಒತ್ತುತ್ತದೆ. ಮಂಡಿ ನೆಟ್ಟಗಿದ್ದರೆ ಆ ಒತ್ತಡ ಅದನ್ನು ಹಿಂದಕ್ಕೆ ದೂಡುತ್ತದೆ. ನಿಮ್ಮ ನೋವು ಅಲ್ಲಿಂದಲೇ ಬಂದಿರಬೇಕು.

ನೆದರ್ಲೆಂಡ್ಸ್‌ನಲ್ಲಿ 2016ರಲ್ಲಿ ಬಂದ ಒಂದು ಅಧ್ಯಯನದಲ್ಲೂ ಇದೇ ಕಂಡಿತ್ತು. ಇಂಥದ್ದು ಹಾಕಿಕೊಂಡವರು ಬಗ್ಗಿ ನಿಲ್ಲುವ ಹೊತ್ತು ಸುಮಾರು ಮೂರು ಪಟ್ಟಾಯಿತು, ಆದರೆ ಮಂಡಿ ಹಿಂದಕ್ಕೆ ಬಾಗಿತು, ಎದೆಗೆ ಕಿರಿಕಿರಿಯಾಯಿತು.

ಮೊದಲು ಯಂತ್ರದ ಕೀಲಿನ ಎತ್ತರ ನೋಡಿ. ನಿಂತು ಒಂದು ಕಾಲನ್ನು ಹಿಂದೆ ಮುಂದೆ ಆಡಿಸಿ. ತೊಡೆಯ ಪಕ್ಕ, ಮೇಲ್ಗಡೆ, ಕೈಗೆ ಮೂಳೆಯ ಗಂಟು ಸಿಗುತ್ತದೆ. ಯಂತ್ರದ ಕೀಲು ಅದರ ನೇರಕ್ಕೆ ಇರಬೇಕು. ಮೇಲೆ ಕೂತಿದ್ದರೆ ಬಗ್ಗಿದಾಗಲೆಲ್ಲ ಪ್ಯಾಡ್ ಚರ್ಮದ ಮೇಲೆ ಜಾರಿ ಉಜ್ಜುತ್ತದೆ. ಆಮೇಲೆ ಸ್ಪ್ರಿಂಗ್ ಒಂದು ಹಂತ ಇಳಿಸಿ. ಬಗ್ಗುವ ಮುಂಚೆ ಮಂಡಿ ಸಡಿಲ ಬಿಡಿ. ಹೊಸದಾಗಿ ಶುರು ಮಾಡಿದ ಹಾಗೆ ದಿನಕ್ಕೆ ಒಂದೆರಡು ಗಂಟೆ ಮಾತ್ರ ಹಾಕಿ. ನಡೆಯುವಾಗ ಸ್ಪ್ರಿಂಗ್ ಕಳಚುವ ಗುಂಡಿ ಇದ್ದರೆ ಬಳಸಿ, ಇಲ್ಲದಿದ್ದರೆ ಪ್ರತಿ ಹೆಜ್ಜೆಗೂ ತೊಡೆ ಅದರ ಜೊತೆ ಗುದ್ದಾಡುತ್ತದೆ.

ಲೆಕ್ಕ ತಪ್ಪುವುದನ್ನು ಸುಮ್ನೆ ಬಿಡಬೇಡಿ. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದವರು 12 ಜನರಿಗೆ ಇಂಥದ್ದು ಹಾಕಿಸಿ, 30 ನಿಮಿಷ ಭಾರ ಎತ್ತಿಸಿ, ಜೊತೆಗೆ ಒಂದು ಸಂಖ್ಯೆಯಿಂದ ಮನಸ್ಸಿನಲ್ಲೇ 13 ಕಳೆಯುತ್ತಾ ಹೋಗುವ ಲೆಕ್ಕ ಕೊಟ್ಟರು. 2021ರಲ್ಲಿ ಫಲಿತಾಂಶ ಬಂತು. ಲೆಕ್ಕ ಮಾಡುತ್ತಾ ಎತ್ತಿದಾಗ ಬೆನ್ನಿಗೆ ಸಿಗಬೇಕಿದ್ದ ಲಾಭವೇ ಹೋಗಿತ್ತು. ಯಂತ್ರದ ಜೊತೆ ಹೊಂದಿಕೊಳ್ಳಲು ಮಿದುಳಿಗೂ ಕೆಲಸ ಇರುತ್ತದೆ. ಎಣಿಕೆ ಬೇರೆಯವರಿಗೆ ಕೊಡಿ.

ಕಾಲು ಜೋಮು ಹಿಡಿದರೆ, ಸೊಂಟದ ನೋವು ಕಾಲಿಗೆ ಇಳಿದರೆ ಆ ಕ್ಷಣವೇ ಬಿಚ್ಚಿ ಡಾಕ್ಟರ್ ಹತ್ತಿರ ಹೋಗಿ.

ರವಿ_ಮೇಂಟೆನೆನ್ಸ್:
ನಾನು ಹೇಳಿದ್ದು ತಪ್ಪು, ಒಪ್ಪಿದೆ. ನಮ್ಮಲ್ಲಿ ಇರೋದು ಭುಜಕ್ಕೆ ಹಾಕುವುದು, ಅದರ ಲೆಕ್ಕ ಬೇರೆ.

ಮಂಜು_ಲೋಡಿಂಗ್:
ಎರಡು ವಾರ ಆಯಿತು. ಕೀಲು ನಾಲ್ಕು ಬೆರಳು ಮೇಲಿತ್ತು ಮೇಡಂ! ನನಗಿಂತ ಎತ್ತರದವನಿಗೆ ಹೊಂದಿಸಿದ್ದನ್ನೇ ನನಗೆ ಕೊಟ್ಟಿದ್ದರು. ಇಳಿಸಿದ ಮೂರನೇ ದಿನಕ್ಕೆ ತೊಡೆಯ ಅಚ್ಚು ಬೀಳೋದು ನಿಂತಿತು. ಮಂಡಿ ನೋವು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಎಣಿಕೆಗೆ ಸೂಪರ್‌ವೈಸರ್ ಒಬ್ಬ ಹುಡುಗನನ್ನು ನಿಲ್ಲಿಸಿದ್ದಾರೆ. ಲಾರಿಯೊಳಗೆ ಜಾಗ ಇಕ್ಕಟ್ಟಾದಾಗ ಮಾತ್ರ ಬಿಚ್ಚಿಟ್ಟು ಕೆಲಸ ಮಾಡುತ್ತೇನೆ. ಇನ್ನು ಮೂರು ಜನರದ್ದೂ ನಾಳೆ ಅಳೆಯುತ್ತೇವೆ.