ಪದಚರ್ಚೆ: ರೋಗಿಗೆ ವೆಂಟಿಲೇಟರ್ ಬಿಡಿಸುವುದೋ, ರೋಗಿಯನ್ನು ವೆಂಟಿಲೇಟರ್‌ನಿಂದ ಬಿಡಿಸುವುದೋ?

ಎಲ್ಲರಿಗೂ ನಮಸ್ಕಾರ.

ಐಸಿಯುನಲ್ಲಿರುವ ರೋಗಿಗಳ ಮನೆಯವರಿಗಾಗಿ ಒಂದು ಕರಪತ್ರ ಬರೆಯುತ್ತಿದ್ದೇನೆ. ವೆಂಟಿಲೇಟರ್ ಮೇಲಿರುವವರು ತಾವಾಗಿಯೇ ಉಸಿರಾಡಲು ತಯಾರಾಗಿದ್ದಾರಾ ಅಂತ ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾರಲ್ಲ, ಅದರ ಬಗ್ಗೆ. ಡಾಕ್ಟರು, ನರ್ಸುಗಳ ಬಾಯಲ್ಲಿ ದಿನವಿಡೀ ‘ವೀನಿಂಗ್’ (ಯಂತ್ರದ ಆಸರೆಯನ್ನು ನಿಧಾನವಾಗಿ ಕಡಿಮೆ ಮಾಡಿ ರೋಗಿ ತಾನೇ ಉಸಿರಾಡುವಂತೆ ಮಾಡುವುದು) ಅನ್ನುವ ಮಾತು ಇರುತ್ತದೆ. ಪಕ್ಕದಲ್ಲಿ ನಿಂತ ಮನೆಯವರಿಗೆ ಅದು ಏನೂ ಹೇಳುವುದಿಲ್ಲ. ಅದಕ್ಕೊಂದು ಒಳ್ಳೆಯ ಕನ್ನಡ ಬೇಕು.

ಥಟ್ಟನೆ ಬಾಯಿಗೆ ಬರುವುದು ‘ವೆಂಟಿಲೇಟರ್ ತೆಗೆಯುವುದು’. ನನಗೆ ಇದು ಬೇಡ. ‘ನಾಳೆ ವೆಂಟಿಲೇಟರ್ ತೆಗೀತಾರಂತೆ’ ಅಂದರೆ ಕೇಳಿದವರ ಎದೆ ಧಸಕ್ಕೆನ್ನುತ್ತದೆ. ಇನ್ನೇನೂ ಉಳಿದಿಲ್ಲ, ಕೈಬಿಟ್ಟರು ಅಂತಲೇ ಎಷ್ಟೋ ಜನ ತಿಳಿದುಕೊಳ್ಳುತ್ತಾರೆ. ಹೇಳಹೊರಟದ್ದು ಒಳ್ಳೆಯ ಸುದ್ದಿ, ಕಿವಿಗೆ ಬಿದ್ದದ್ದು ಸಾವಿನ ಸುದ್ದಿ. ಈಚೆಗೆ ವೈದ್ಯರು ‘ಲಿಬರೇಷನ್’ ಅಂತಲೂ ಬಳಸುತ್ತಾರೆ. ಅದನ್ನು ‘ವೆಂಟಿಲೇಟರ್ ಮುಕ್ತಿ’ ಅಂತ ಮಾಡಿದರೆ ಇನ್ನೂ ಕಷ್ಟ. ‘ಮುಕ್ತಿ ಸಿಕ್ಕಿತು’ ಅಂತ ನಾವು ಯಾರ ಬಗ್ಗೆ ಹೇಳುತ್ತೇವೆ ಅಂತ ಎಲ್ಲರಿಗೂ ಗೊತ್ತು.

ಇನ್ನೊಂದು ತೊಂದರೆಯೂ ಇದೆ. ತೆಗೆಯುವುದು ಒಂದೇ ಏಟಿಗೆ ಮುಗಿಯುವ ಕೆಲಸ. ವೀನಿಂಗ್ ಹಾಗಲ್ಲ. ಯಂತ್ರದ ಆಸರೆಯನ್ನು ಇಳಿಸುತ್ತಾರೆ. ಆಮೇಲೆ 30 ನಿಮಿಷದಿಂದ 2 ಗಂಟೆ ಹೊತ್ತು ರೋಗಿ ಬಹುಪಾಲು ಸ್ವಂತ ಬಲದಲ್ಲಿ ಉಸಿರಾಡುವುದನ್ನು ನೋಡುತ್ತಾರೆ, ಇದೇ ಪರೀಕ್ಷೆ. ಸುಸ್ತಾದರೆ ಮತ್ತೆ ಆಸರೆ. 2007ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ತಜ್ಞರ ಒಮ್ಮತದಲ್ಲಿ ಇದನ್ನು ಮೂರು ಬಗೆ ಮಾಡಿದ್ದಾರೆ. ಮೊದಲ ಪರೀಕ್ಷೆಯಲ್ಲೇ ಗೆದ್ದು ಬರುವವರು ಸುಲಭದವರು. 3 ಪರೀಕ್ಷೆಗಳವರೆಗೆ ಅಥವಾ 7 ದಿನಗಳವರೆಗೆ ಹಿಡಿಯುವವರು ಕಷ್ಟದವರು. ಅದಕ್ಕೂ ಜಾಸ್ತಿ ಬೇಕಾದವರು ದೀರ್ಘಕಾಲದವರು. ಶ್ವಾಸನಾಳಕ್ಕೆ ಹಾಕಿರುವ ಟ್ಯೂಬ್ ತೆಗೆಯುವುದು ಕೊನೆಯ ಹೆಜ್ಜೆ ಮಾತ್ರ. ತೆಗೆದ ಮೇಲೂ 48 ಗಂಟೆ ಯಂತ್ರದ ಆಸರೆ ಇಲ್ಲದೆ ಕಳೆದರಷ್ಟೇ ಅದನ್ನು ಗೆಲುವು ಅನ್ನುವುದು. ಹಾಗಾಗಿ ‘ತೆಗೆಯುವುದು’ ಟ್ಯೂಬಿಗೆ ಮಾತ್ರ ಇರಲಿ.

ನನಗೆ ಹಿಡಿಸಿರುವುದು ‘ಬಿಡಿಸು’. ಹೂ ಬಿಡಿಸುತ್ತೇವೆ, ಲೆಕ್ಕ ಬಿಡಿಸುತ್ತೇವೆ, ಚಿತ್ರ ಬಿಡಿಸುತ್ತೇವೆ. ಮಗುವಿಗೆ ಹಾಲು ಬಿಡಿಸುವುದಂತೂ ಮನೆಮನೆಯ ಮಾತು, ಇಂಗ್ಲಿಷಿನ ವೀನಿಂಗ್‌ನ ಮೂಲ ಅರ್ಥವೂ ಅದೇ. ಆದರೆ ವಿಭಕ್ತಿ ಬದಲಾದರೆ ಅರ್ಥವೂ ಬದಲಾಗುತ್ತದೆ, ನನ್ನ ಪ್ರಶ್ನೆ ಅಲ್ಲೇ ಇದೆ.

‘ರೋಗಿಯನ್ನು ವೆಂಟಿಲೇಟರ್‌ನಿಂದ ಬಿಡಿಸಿದರು’ ಅಂದರೆ ಸೆರೆಯಿಂದ ಬಿಡಿಸಿದ ಹಾಗೆ ಕೇಳುತ್ತದೆ. ಯಂತ್ರ ಶತ್ರುವಾಗುತ್ತದೆ, ರೋಗಿ ಸುಮ್ನೆ ಮಲಗಿರುತ್ತಾನೆ, ಕೆಲಸವೆಲ್ಲ ಡಾಕ್ಟರದು. ‘ರೋಗಿಗೆ ವೆಂಟಿಲೇಟರ್ ಬಿಡಿಸಿದರು’ ಅಂದರೆ ಹಾಲು ಬಿಡಿಸಿದ ಹಾಗೆ. ಇಷ್ಟು ದಿನ ಬೇಕಾಗಿದ್ದದ್ದನ್ನು ನಿಧಾನವಾಗಿ ಕಡಿಮೆ ಮಾಡಿ, ರೋಗಿಯೇ ಆ ಕೆಲಸ ಮಾಡಿಕೊಳ್ಳುವಂತೆ ಮಾಡುವುದು. ಅಲ್ಟ್ರಾಸೌಂಡ್ ತೋರಿಸುವುದಕ್ಕೂ ಇದೇ ಹತ್ತಿರ. 2008ರ ಒಂದು ಅಧ್ಯಯನದಲ್ಲಿ, ಮೆದುಳು ನಿಷ್ಕ್ರಿಯಗೊಂಡ ಅಂಗದಾನಿಗಳ ವಪೆ (ಡಯಾಫ್ರಾಮ್, ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು) 18ರಿಂದ 69 ಗಂಟೆ ಕೆಲಸವಿಲ್ಲದೆ ಯಂತ್ರದ ಮೇಲೆ ಇದ್ದದ್ದಕ್ಕೇ ಅದರ ಸ್ನಾಯು ಎಳೆಗಳು ಅರ್ಧಕ್ಕಿಂತ ಜಾಸ್ತಿ ಸೊರಗಿದ್ದವು. ಅಂಥ ಸ್ನಾಯು ಮತ್ತೆ ದುಡಿಯಬೇಕು. ದುಡಿಯುತ್ತಿದೆಯಾ ಅಂತ ನೋಡುವುದಕ್ಕೇ ಆ ಸ್ಕ್ಯಾನ್.

ಆದರೂ ಒಂದು ಅಳುಕಿದೆ. ‘ಕುಡಿತ ಬಿಡಿಸು’, ‘ಚಟ ಬಿಡಿಸು’ ಕೂಡ ಇದೇ ರಚನೆ. ‘ಅವರಿಗೆ ವೆಂಟಿಲೇಟರ್ ಬಿಡಿಸಲು ಆಗಲಿಲ್ಲ’ ಅಂದರೆ ತಪ್ಪು ರೋಗಿಯದು, ಮನಸ್ಸು ಮಾಡಲಿಲ್ಲ ಅಂತ ಕೇಳಿಸುತ್ತದಾ? ಅದು ಅನ್ಯಾಯ. ಎಷ್ಟೋ ಸಲ ಸೋಲುವುದು ವಪೆಯಲ್ಲ, ಹೃದಯ. ಯಂತ್ರದ ಒತ್ತಡ ಇಳಿದ ಕೂಡಲೇ ಹೃದಯಕ್ಕೆ ಬರುವ ರಕ್ತ ಹೆಚ್ಚುತ್ತದೆ, ಅದರ ಮೇಲಿನ ಹೊರೆಯೂ ಹೆಚ್ಚುತ್ತದೆ. ಹೃದಯ ತಡೆದುಕೊಳ್ಳದಿದ್ದರೆ ಶ್ವಾಸಕೋಶದಲ್ಲಿ ನೀರು ಸೇರುತ್ತದೆ. ಅದಕ್ಕೇ ವಪೆಯ ಜೊತೆಗೆ ಹೃದಯ, ಶ್ವಾಸಕೋಶಗಳನ್ನೂ ಸ್ಕ್ಯಾನ್ ಮಾಡಿ ನೋಡುತ್ತಾರೆ. ನಿಮ್ಮ ಕಿವಿಗೆ ಹೇಗನ್ನಿಸುತ್ತದೆ, ಹೇಳಿ.

ಇನ್ನು ‘ವಪೆ’. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಡಯಾಫ್ರಾಮ್‌ಗೆ ಇದೇ ಪದ. ಸಂಸ್ಕೃತದ ವಪಾ ಅಂದರೆ ಕರುಳಿನ ಮೇಲಿನ ಕೊಬ್ಬಿನ ಪೊರೆ, ಸ್ನಾಯುವಲ್ಲ. ಆದರೂ ಚಿಕ್ಕ ಪದ, ಬಳಕೆಯಲ್ಲಿದೆ, ಉಳಿಸಿಕೊಳ್ಳುತ್ತೇನೆ. ಮೊದಲ ಸಲ ಬಂದಾಗ ‘ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು’ ಅಂತ ಬಿಡಿಸಿ ಹೇಳಿದರೆ ಸಾಕು, ಅಲ್ವಾ? ಅಲ್ಟ್ರಾಸೌಂಡ್ ಅನ್ನು ಹಾಗೇ ಇಡುತ್ತೇನೆ. ಬರೀ ‘ಸ್ಕ್ಯಾನಿಂಗ್’ ಅಂದರೆ ರೋಗಿಯನ್ನು ಬೇರೆ ಕೋಣೆಗೆ ಸಾಗಿಸುತ್ತಾರೆ ಅಂತ ಗಾಬರಿಯಾಗುತ್ತಾರೆ. ‘ಹಾಸಿಗೆ ಪಕ್ಕದಲ್ಲೇ’ ಅಂತ ಸೇರಿಸಿದರೆ ಆ ಭಯ ಇರುವುದಿಲ್ಲ.

ನಿಜಕ್ಕೂ ಸಿಕ್ಕಿಹಾಕಿಕೊಂಡಿರುವುದು ಎರಡು ಅಳತೆಗಳ ಹೆಸರಿನಲ್ಲಿ. ಪಕ್ಕೆಲುಬಿನ ಕೆಳಗೆ ಪ್ರೋಬ್ (ಅಲ್ಟ್ರಾಸೌಂಡ್ ಯಂತ್ರದ, ಮೈಮೇಲೆ ಇಡುವ ಭಾಗ) ಇಟ್ಟು, ಬಲಗಡೆ ಪಿತ್ತಜನಕಾಂಗದ ಮೂಲಕ ನೋಡಿದರೆ, ಉಸಿರೆಳೆದಾಗ ವಪೆ ಎಷ್ಟು ಕೆಳಗಿಳಿಯಿತು ಅಂತ ಗೊತ್ತಾಗುತ್ತದೆ. ಸ್ವಂತ ಉಸಿರಾಟದಲ್ಲಿ 1 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ದುರ್ಬಲ ಅಂತ ಲೆಕ್ಕ. ಯಂತ್ರ ಗಾಳಿ ತಳ್ಳುತ್ತಿರುವಾಗ ಅಳೆದರೆ ಪ್ರಯೋಜನವಿಲ್ಲ, ತಳ್ಳಿದ್ದಕ್ಕೂ ವಪೆ ಇಳಿಯುತ್ತದೆ. ಇದಕ್ಕೆ ‘ಏರಿಳಿತ’ ಅಂದರೆ ಬಿಪಿಯ ಏರಿಳಿತದ ಹಾಗೆ ಕಾಯಿಲೆಯ ವಾಸನೆ ಬರುತ್ತದೆ. ‘ವಪೆ ಸರಿಯುವ ದೂರ’ ಅಂತ ಬರೆದಿದ್ದೇನೆ.

ಎರಡನೆಯದು ದಪ್ಪದ ಅಳತೆ. ಪಕ್ಕೆಲುಬುಗಳ ನಡುವೆ ಪ್ರೋಬ್ ಇಟ್ಟು ನೋಡಿದಾಗ ಉಸಿರು ಬಿಟ್ಟ ಕೊನೆಯಲ್ಲಿ ವಪೆ 2 ಮಿಲಿಮೀಟರ್ ಇದ್ದು, ಎಳೆದ ಕೊನೆಯಲ್ಲಿ 2.6 ಆಯಿತು ಅನ್ನಿ. ಶೇ 30ರಷ್ಟು ದಪ್ಪವಾಯಿತು. ಶೇ 20ಕ್ಕಿಂತ ಕಡಿಮೆಯಾದರೆ ಚಿಂತೆ. ‘ದಪ್ಪವಾಗುವಿಕೆ’ ಅಂದರೆ ಓದುಗರು ಬಾವು ಅಂದುಕೊಳ್ಳುತ್ತಾರೆ. ಇಲ್ಲಿ ದಪ್ಪವಾಗುವುದು ಒಳ್ಳೆಯದು, ಸ್ನಾಯು ಬಿಗಿದು ಕೆಲಸ ಮಾಡುತ್ತಿದೆ ಅಂತ. ‘ಬಿಗಿದು ದಪ್ಪವಾಗುವ ಪ್ರಮಾಣ’ ಸರಿಯಾಗಿದೆ, ಆದರೆ ಉದ್ದವಾಯಿತು. ‘ಬಿಗಿತ’ ಅಂದರೆ ಸೆಟೆದುಕೊಂಡಂತೆ ಆಗುತ್ತದೆ. ತೋಳಿನ ಸ್ನಾಯು ಉಬ್ಬುವುದಕ್ಕೆ ನಿಮ್ಮ ಕಡೆ ಏನಾದರೂ ಒಂದೇ ಮಾತಿನ ಪದ ಇದ್ದರೆ ತಿಳಿಸಿ, ಅದನ್ನೇ ಇಲ್ಲಿ ಹಾಕಿ ನೋಡುತ್ತೇನೆ.